ಐದು ಗಂಟೆಯ ಪಾಠಕ್ಕೊಂದು ಪೋರ್ಟು

ನನ್ನ ತಂಗಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಹಾಗೆಂದು ಜಗಳದಲ್ಲಿ ಅವಳನ್ನು ಗೆದ್ದವರು ನಮ್ಮ ಮನೆಯಲ್ಲಿ ಯಾರೂ ಇಲ್ಲ. ಹೇಳಬೇಕಾದದ್ದನ್ನೆಲ್ಲ ಕೈಯಲ್ಲಿ ಹೇಳಿ ಮುಗಿಸುತ್ತಾಳೆ, ನಾನು ಉತ್ತರ ಕೊಡಲು ಕೈ ಎತ್ತುವಷ್ಟರಲ್ಲಿ ಕಣ್ಣು ಮುಚ್ಚಿಕೊಂಡುಬಿಡುತ್ತಾಳೆ. ಅಲ್ಲಿಗೆ ಮುಗಿಯಿತು. ಕಣ್ಣು ಮುಚ್ಚಿದವಳ ಮುಂದೆ ನಾನು ಎಷ್ಟು ಕೈ ಆಡಿಸಿದರೂ ಸೊಳ್ಳೆ ಓಡಿಸಿದ ಹಾಗೆ. "ಇಬ್ರೂ ಒಂದು ಮಾತೂ ಆಡದೆ ಮನೆಯೆಲ್ಲ ಗದ್ದಲ ಎಬ್ಬಿಸ್ತೀರಲ್ಲೇ," ಎಂದು ಅಮ್ಮ ಒಲೆಯ ಮುಂದೆ ನಿಂತು ನಗುತ್ತಾಳೆ.

ಸಂಜ್ಞೆ ಭಾಷೆಯಲ್ಲಿ ಮನುಷ್ಯರಿಗೆ ಹೆಸರಿನ ಬದಲು ಒಂದೊಂದು ಗುರುತು ಇರುತ್ತದೆ. ಅವಳು ನನಗೆ ಇಟ್ಟಿರುವ ಗುರುತು, ಮೂಗಿನ ತುದಿಗೆ ತೋರುಬೆರಳು. ಕೋಪ ಸದಾ ಅಲ್ಲೇ ಕೂತಿರುತ್ತದಂತೆ. ಈ ಕಥೆಯ ಮಟ್ಟಿಗಾದರೂ ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಆ ಸಂಜೆ ಅವಳು ಬಂದು ನನ್ನ ಕೋಣೆಯ ದೀಪವನ್ನು ಆರಿಸಿ ಹೊತ್ತಿಸಿ ಮಾಡಿದಳು. ಕಿವಿ ಕೇಳದವರನ್ನು ಕರೆಯುವ ಕ್ರಮ ಅದು. ನನಗೆ ಕಿವಿ ನೆಟ್ಟಗೇ ಇದೆ, ಬಾಗಿಲು ತಟ್ಟಿದರೆ ಸಾಕು. ಆದರೆ ಸಿಟ್ಟು ಬಂದಾಗ ಅವಳಿಗೆ ಸ್ವಿಚ್ಚೇ ಬೇಕು.

"ಇವತ್ತೂ ನಿಂತುಹೋಯ್ತು," ಎಂದಳು ಕೈಯಲ್ಲಿ. "ಎಷ್ಟು ಸಲ ಅಂತ ಎಣಿಸೋದನ್ನೇ ಬಿಟ್ಟೆ."

"ಏನು ನಿಂತುಹೋಯ್ತು?"

"ನಾನು. ನಾನೇ ನಿಂತುಹೋದೆ. ಆ ಕಡೆ ಮಕ್ಕಳಿಗೆ ನನ್ನ ಕೈ ಗಾಳಿಯಲ್ಲಿ ಹಾಗೇ ನಿಂತಿರುತ್ತೆ, ಆಮೇಲೆ ಇನ್ನೆಲ್ಲೋ ಇರುತ್ತೆ. ನಡುವೆ ನಾನು ಏನು ಹೇಳಿದೆ ಅನ್ನೋದು ಯಾರಿಗೂ ಗೊತ್ತಾಗಲ್ಲ."

ಬೆಟ್ಟದ ಆಚೆಯ ಊರಿನ ಶಾಲೆಯೊಂದರಲ್ಲಿ ಕಿವಿ ಕೇಳದ ಆರು ಮಕ್ಕಳಿದ್ದಾರೆ. ಅಲ್ಲಿ ಸಂಜ್ಞೆ ಭಾಷೆ ಬಲ್ಲವರು ಯಾರೂ ಇಲ್ಲ. ನನ್ನ ತಂಗಿ ನಮ್ಮ ನಡುಮನೆಯಲ್ಲಿ ನೀಲಿ ಪರದೆ ಇಳಿಬಿಟ್ಟುಕೊಂಡು, ಲ್ಯಾಪ್‌ಟಾಪ್ ಮುಂದೆ ಕೂತು, ದಿನವೂ ಸಂಜೆ ಐದಕ್ಕೆ ಅವರಿಗೆ ವಿಡಿಯೊದಲ್ಲಿ ಪಾಠ ಮಾಡುತ್ತಾಳೆ. ಮಾತಾಡುವವರ ವಿಡಿಯೊ ನಿಂತರೆ ದೊಡ್ಡ ನಷ್ಟವೇನಿಲ್ಲ, ದನಿ ಬರುತ್ತಿರುತ್ತದೆ. ಕೈಯಲ್ಲಿ ಮಾತಾಡುವವರಿಗೆ ಚಿತ್ರವೇ ದನಿ. ಅದು ನಿಂತರೆ ಬಾಯಿ ಕಟ್ಟಿದ ಹಾಗೆ.

ಅವಳು ಫೋನನ್ನು ನನ್ನ ಮುಖಕ್ಕೆ ಹಿಡಿದಳು. ಶಾಲೆಯ ಹೆಡ್‌ಮಿಸ್ ಕಳಿಸಿದ ಸಂದೇಶ. ಮಕ್ಕಳು ಅರ್ಧ ಹೊತ್ತು ನಿಂತ ಚಿತ್ರವನ್ನೇ ನೋಡುತ್ತ ಕೂತಿರುತ್ತಾರೆ, ಶುಕ್ರವಾರ ನಾನೇ ತರಗತಿಯಲ್ಲಿ ಕೂರುತ್ತೇನೆ, ಆಗಲೂ ಹೀಗೇ ಆದರೆ ಮುಂದಿನ ತಿಂಗಳಿಂದ ರೆಕಾರ್ಡ್ ಮಾಡಿದ ಪಾಠಗಳನ್ನು ಹಾಕಿ ತೋರಿಸುತ್ತೇವೆ, ತಪ್ಪು ತಿಳಿಯಬೇಡಿ, ಎಂದು ಬರೆದಿದ್ದರು. ಮರ್ಯಾದೆಯಿಂದಲೇ ಬರೆದಿದ್ದರು, ಅದಕ್ಕೇ ಇನ್ನಷ್ಟು ಚುಚ್ಚುತ್ತಿತ್ತು.

"ರೆಕಾರ್ಡಿಂಗ್ ಮುಂದೆ ಮಗು ಕೈ ಎತ್ತಿದ್ರೆ ಯಾರು ನೋಡ್ತಾರೆ?" ಎಂದು ಕೇಳಿದಳು. "ಆ ಮಕ್ಕಳ ಮನೇಲೂ ಅವರ ಜೊತೆ ಮಾತಾಡೋರಿಲ್ಲ. ಐದು ಗಂಟೆಗೆ ನಾನೊಬ್ಬಳು ಸಿಗ್ತೀನಿ."

ಸುಮ್ಮನಿರಬೇಕಿತ್ತು. ಆದರೆ ಬೆಟ್ಟದಾಚೆಯ ಆ ಊರಿಗೆ ಇಂಟರ್‌ನೆಟ್ ಹೋಗುವುದು ನಾನು ಹಾಕಿಸಿದ ಲಿಂಕಿನ ಮೇಲೆ. ನನ್ನ ಕೆಲಸವೇ ಅದು. ಈಚೆ ಟವರ್ ಮೇಲೊಂದು ರೇಡಿಯೊ, ಆಚೆ ಟವರ್ ಮೇಲೊಂದು ರೇಡಿಯೊ, ನಡುವೆ ಬರೀ ಗಾಳಿ. ಆ ಗಾಳಿಯಲ್ಲಿ ಎಷ್ಟು ಹೋಗುತ್ತದೆ, ಕೆಳಗೆ ರೂಟರ್‌ಗೆ ಯಾವ ವೇಗದ ಪೋರ್ಟಿನಲ್ಲಿ, ಅಂದರೆ ಕೇಬಲ್ ಚುಚ್ಚುವ ಕಿಂಡಿಯಲ್ಲಿ, ಸೇರಿಸಬೇಕು ಎಂದು ಲೆಕ್ಕ ಹಾಕುವವಳು ನಾನು. ಲಿಂಕಿನ ಬಗ್ಗೆ ಯಾರಾದರೂ ಕೊಂಕು ಹೇಳಿದರೆ ಹೆತ್ತ ಮಗುವಿಗೆ ಅಂದ ಹಾಗಾಗುತ್ತದೆ.

"ನಿನ್ನ ಲ್ಯಾಪ್‌ಟಾಪ್ ಹಳೇದು," ಎಂದೆ. "ನನ್ನ ಲಿಂಕ್ ಅರ್ಧಕ್ಕರ್ಧ ಖಾಲಿ ಇದೆ. ಗ್ರಾಫ್ ಬೇಕಾದ್ರೆ ತೋರಿಸ್ತೀನಿ."

ಅವಳು ಕಣ್ಣು ಮುಚ್ಚಿಕೊಂಡಳು.

ಲಿಂಕ್ ಹಾಕುವಾಗ ನಡೆದ ಮಾತನ್ನು ಇಲ್ಲಿ ಹೇಳಿಬಿಡುತ್ತೇನೆ. ಹೊಸ ರೇಡಿಯೊ ಗಾಳಿಯಲ್ಲಿ ಸೆಕೆಂಡಿಗೆ ಹೆಚ್ಚುಕಡಿಮೆ ಎರಡು ಗಿಗಾಬಿಟ್ ಒಯ್ಯುತ್ತದೆ. ಅದರ ಕೆಳಭಾಗದಲ್ಲಿ ಮೂರು ಬಗೆಯ ಪೋರ್ಟುಗಳಿದ್ದವು. ಒಂದು ಗಿಗಾದವು ಎರಡು, ಅಂದರೆ ನಮ್ಮ ಭಾಷೆಯಲ್ಲಿ ಒನ್ ಜಿ. ಎರಡೂವರೆಯದು ಒಂದು, ಆದರೆ ನಮ್ಮ ರೂಟರ್‌ಗೆ ಆ ವೇಗವೇ ಗೊತ್ತಿಲ್ಲ. ಮತ್ತೆ ಟೆನ್ ಜಿ ಒಂದು, ಕಪ್ಪು ರಬ್ಬರ್ ಮುಚ್ಚಳ ಹಾಕಿಕೊಂಡು ಕೂತಿತ್ತು. ನಮ್ಮ ಸಾಹೇಬರು, "ಗಾಳೀಲಿ ಹೋಗೋದೇ ಎರಡು, ಬಾಗಿಲು ಹತ್ತರದ್ದು ಯಾಕಮ್ಮ?" ಎಂದರು. ನನಗೂ ಸರಿ ಎನ್ನಿಸಿತು. ಎರಡು ಒನ್ ಜಿ ಪೋರ್ಟುಗಳನ್ನು ಸೇರಿಸಿ ಒಂದು ಜೋಡಿ ಮಾಡಿದೆ. ಒಂದು ಮತ್ತು ಒಂದು ಎರಡು, ಇದಕ್ಕೆ ಇಂಜಿನಿಯರಿಂಗ್ ಕೂಡ ಬೇಕಾಗಿಲ್ಲ. ಎರಡೂ ಕಡೆ ರೂಟರ್‌ನಲ್ಲಿದ್ದ ಟೆನ್ ಜಿ ಪೋರ್ಟುಗಳನ್ನು, ಒಳ್ಳೆಯ ತಟ್ಟೆಗಳನ್ನು ನೆಂಟರಿಗೆಂದು ಎತ್ತಿಡುತ್ತಾರಲ್ಲ, ಹಾಗೆ ಎತ್ತಿಟ್ಟೆ.

ಮರುದಿನ ಆಫೀಸಿನ ಲ್ಯಾಪ್‌ಟಾಪ್ ಹೊತ್ತು ಮನೆಗೆ ಬೇಗ ಬಂದೆ. ತಂಗಿಯ ಬಾಯಿ ಮುಚ್ಚಿಸುವುದೇ ನನ್ನ ಉದ್ದೇಶವಾಗಿತ್ತು, ಅದಕ್ಕೆ ಮುಚ್ಚಿಸಬೇಕಾದದ್ದು ಕೈ ಎನ್ನುವುದು ಬೇರೆ ಮಾತು. ಪಾಠ ಶುರುವಾದಾಗ ಕ್ಯಾಮೆರಾಗೆ ಕಾಣದಂತೆ ಅವಳ ಪಕ್ಕ ನೆಲದ ಮೇಲೆ ಕೂತೆ. ಸ್ವಲ್ಪ ಹೊತ್ತಿಗೇ ಆ ಕಡೆಯಿಂದ ಮಕ್ಕಳು ಅಂಗೈ ಅಡ್ಡ ಹಿಡಿದರು. ಟೀಚರ್ ನಿಂತರು, ಎಂದು ಅದರ ಅರ್ಥ. ಅದಕ್ಕೊಂದು ಸಂಜ್ಞೆಯನ್ನೇ ಹುಟ್ಟಿಸಿಕೊಂಡಿದ್ದರು ಪಾಪ.

ನಾನು ಗ್ರಾಫನ್ನು ಅವಳ ಕಡೆ ತಿರುಗಿಸಿದೆ. "ನೋಡು. ಎರಡು ಪೋರ್ಟು ಸೇರಿ, ಎರಡರಲ್ಲಿ ಒಂದು ಭಾಗ ಮಾತ್ರ ತುಂಬಿದೆ. ಇನ್ನೊಂದು ಭಾಗ ಖಾಲಿ."

ಅವಳು ನೋಡಿದಳು. "ಎರಡು ಪೋರ್ಟು ಅಂದಿದ್ಯಲ್ಲ. ನನ್ನ ಪಾಠ ಯಾವುದರಲ್ಲಿ ಹೋಗ್ತಾ ಇದೆ?"

"ಯಾವುದರಲ್ಲಾದ್ರೂ ಹೋಗುತ್ತೆ. ಎರಡೂ ಒಂದೇ."

"ಒಂದೇ ಆದ್ರೆ ಬೇರೆ ಬೇರೆ ತೋರಿಸು."

ತೋರಿಸಲು ಹೋದೆ. ಅಷ್ಟು ತಿಂಗಳಲ್ಲಿ ನಾನು ನೋಡುತ್ತಿದ್ದದ್ದು ಎರಡರ ಒಟ್ಟು ಮೊತ್ತದ ಗ್ರಾಫನ್ನು ಮಾತ್ರ. ಬೇರೆ ಬೇರೆ ತೆರೆದರೆ, ಮೊದಲನೆಯ ಪೋರ್ಟು ಮೇಜಿನ ಹಲಗೆಯ ಹಾಗೆ ಮೇಲ್ಗಡೆ ಸಪಾಟಾಗಿತ್ತು, ಕಂಠಮಟ್ಟ ತುಂಬಿ ಹೊರಗೆ ಚೆಲ್ಲುತ್ತಿತ್ತು. ಎರಡನೆಯದು ನೆಲಕ್ಕೆ ಅಂಟಿಕೊಂಡು ಮಲಗಿತ್ತು. ಒಂದು ಪೂರ್ತಿ ತುಂಬಿದ್ದು, ಒಂದು ಪೂರ್ತಿ ಖಾಲಿ. ಕೂಡಿಸಿದರೆ ಅರ್ಧ. ನನ್ನ ಕಿವಿಯೆಲ್ಲ ಬಿಸಿಯಾಯಿತು.

ಕಾರಣ ಹೊಳೆಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ, ನಾನು ಓದಿ ಪಾಸಾದ ವಿಷಯವೇ ಅದು. ಜೋಡಿ ಪೋರ್ಟುಗಳಲ್ಲಿ ಯಾವ ಪ್ಯಾಕೆಟ್, ಅಂದರೆ ಡೇಟಾದ ಯಾವ ತುಣುಕು, ಯಾವ ಬಾಗಿಲಿಂದ ಹೋಗಬೇಕೆಂದು ಒಂದು ನಿಯಮ ತೀರ್ಮಾನಿಸುತ್ತದೆ. ಚಿತ್ರಮಂದಿರದ ಬಾಗಿಲಲ್ಲಿ ಒಬ್ಬ ನಿಂತು, ಎಲ್ಲಿಂದ ಬಂದೆ, ಎಲ್ಲಿಗೆ ಹೋಗ್ತೀಯ, ಎಂದು ಕೇಳಿ ಜನರನ್ನು ಎಡಕ್ಕೆ ಬಲಕ್ಕೆ ಹಂಚುವ ಹಾಗೆ. ನಮ್ಮ ರೇಡಿಯೊಗೆ ಅದಕ್ಕಿಂತ ಹೆಚ್ಚು ವಿಚಾರಿಸಲು ಬರುವುದಿಲ್ಲ. ಈ ಲಿಂಕಿನಲ್ಲಿ ಇರುವುದು ಈಚೆಗೊಂದು ರೂಟರ್, ಆಚೆಗೊಂದು ರೂಟರ್. ಬಂದವರೆಲ್ಲ ಒಂದೇ ಉತ್ತರ ಹೇಳುತ್ತಾರೆ, ಅವನು ಎಲ್ಲರನ್ನೂ ಎಡಗಡೆಗೇ ಕಳಿಸುತ್ತಾನೆ. ಬಲಗಡೆಯ ಬಾಗಿಲು ಇದ್ದೂ ಇಲ್ಲದ ಹಾಗೆ. ಸಂಜೆ ಐದಕ್ಕೆ ಊರೆಲ್ಲ ಮನೆಗೆ ಬಂದು ಫೋನು ತೆರೆದಾಗ ನನ್ನ ತಂಗಿಯ ಕೈಗಳೂ ಆ ನೂಕುನುಗ್ಗಲಿನಲ್ಲಿ ಸಿಕ್ಕಿಕೊಳ್ಳುತ್ತಿದ್ದವು.

ಪಾಠ ಮುಗಿದ ಮೇಲೆ ಅವಳ ಎದುರು ನಿಂತೆ. "ನಿನ್ನ ಲ್ಯಾಪ್‌ಟಾಪ್ ಚೆನ್ನಾಗೇ ಇದೆ," ಎಂದೆ.

"ಅದು ನನಗೆ ಮೊದಲೇ ಗೊತ್ತಿತ್ತು," ಎಂದಳು. ಆಮೇಲೆ ಕಣ್ಣು ಮುಚ್ಚದೆ ನನ್ನನ್ನೇ ನೋಡುತ್ತ, "ಶುಕ್ರವಾರದೊಳಗೆ ಆಗುತ್ತಾ?" ಎಂದು ಕೇಳಿದಳು. ಅವಳ ಮುಖದಲ್ಲಿ ಸಿಟ್ಟು ಇರಲಿಲ್ಲ. ಸಿಟ್ಟೇ ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಸಾಹೇಬರ ಕೋಣೆಯಲ್ಲಿ ಎರಡೂ ಗ್ರಾಫ್ ಇಟ್ಟೆ. ಅವರು ಕನ್ನಡಕ ಹಣೆಗೇರಿಸಿ, ಇಳಿಸಿ, ಮತ್ತೆ ಏರಿಸಿ ನೋಡಿದರು. ಒಳ್ಳೆಯ ಮನುಷ್ಯ, ಆದರೆ ನಡೆಯುತ್ತಿರುವ ಯಾವ ವಸ್ತುವನ್ನೂ ಮುಟ್ಟಲು ಅವರಿಗೆ ಜೀವ ಹೋಗುತ್ತದೆ.

"ಅಂದ್ರೆ ಇಷ್ಟು ದಿನ ನಾವು ಒಂದೇ ಜಿ ಕೊಡ್ತಾ ಇದ್ವಾ?"

"ಹೌದು ಸಾರ್. ಎರಡು ಅಂತ ಹೇಳಿಕೊಂಡು."

"ಟೆನ್ ಜಿಗೆ ಹಾಕಿದ್ರೆ ಸರಿಹೋಗುತ್ತಾ?"

"ಸುಮ್ಮನೆ ಹಾಕಿದ್ರೆ ಇನ್ನೂ ಕೆಡುತ್ತೆ," ಎಂದೆ. ಸುಳ್ಳು ಹೇಳಿ ಒಪ್ಪಿಸುವ ಆಸೆ ಇತ್ತು, ಆದರೆ ಅರ್ಧ ಲೆಕ್ಕ ಹೇಳಿದರೆ ಏನಾಗುತ್ತದೆ ಎನ್ನುವ ಪಾಠ ಆಗಲೇ ಕಲಿತಾಗಿತ್ತು. "ರೂಟರ್ ಹತ್ತರ ವೇಗದಲ್ಲಿ ಒಂದೇ ಸಮ ಸುರಿಯುತ್ತೆ, ರೇಡಿಯೊ ಗಂಟಲು ಎರಡರದ್ದು. ಉಸಿರು ಕಟ್ಟಿ ಉಗುಳಿಬಿಡುತ್ತೆ. ಅದಕ್ಕೇ ರೂಟರ್‌ನಲ್ಲೇ ಕಡಿವಾಣ ಹಾಕ್ಬೇಕು. ಬಾಗಿಲು ಹತ್ತರದ್ದು, ನಡಿಗೆ ಮಾತ್ರ ಎರಡಕ್ಕಿಂತ ಒಂಚೂರು ಕಡಿಮೆ. ಹಾಗೆ ಮಾಡಿದ್ರೆ ಸಾಲು ರೂಟರ್‌ನಲ್ಲಿ ನಿಲ್ಲುತ್ತೆ, ಅಲ್ಲಿ ವಿಡಿಯೊ ಕರೆಗಳನ್ನ ಮುಂದೆ ಬಿಡಬಹುದು."

"ಮುಂದಿನ ತಿಂಗಳು ಮಾಡೋಣ."

"ಶುಕ್ರವಾರ ಬೆಳಿಗ್ಗೆ ಮಾಡೋಣ ಸಾರ್."

"ಆ ಊರಿಗೆ ಇದೊಂದೇ ಲಿಂಕು ಕಣಮ್ಮ. ನೀನು ಕಿತ್ತು ಹಾಕುವಾಗ ಬರದೇ ಹೋದ್ರೆ ಇಡೀ ಊರು ಹೋಗುತ್ತೆ. ಫೋನೂ ಹೋಗುತ್ತೆ. ಯಾವನಿಗೆ ಹೇಳಿ ಸರಿ ಮಾಡಿಸ್ತೀಯ?"

ಅದು ನಿಜವಾದ ಪ್ರಶ್ನೆ. ಆಚೆಯ ಊರಿನ ಮೊಬೈಲ್ ಟವರ್‌ಗಳೂ ಇದೇ ಲಿಂಕಿಗೆ ಜೋತುಬಿದ್ದಿವೆ. ಲಿಂಕ್ ಕಳಚಿದ ಕ್ಷಣ ಆಚೆ ಇರುವವನ ಜೊತೆ ಮಾತೂ ಕಳಚುತ್ತದೆ. ಇಂಥ ಕೆಲಸಕ್ಕೆ ನಮ್ಮಲ್ಲಿ ಒಂದು ಹಳೆಯ ಕ್ರಮ ಇದೆ. ಮೊದಲೇ ಎಲ್ಲ ಮಾತಾಡಿಕೊಂಡು, ಗಡಿಯಾರ ಹೊಂದಿಸಿಕೊಂಡು, ಆಮೇಲೆ ಒಬ್ಬರನ್ನೊಬ್ಬರು ನಂಬಿ ಸುಮ್ಮನೆ ಕೆಲಸ ಮಾಡುವುದು. ಗೊತ್ತು ಮಾಡಿದ ಹೊತ್ತಿಗೆ ಲಿಂಕ್ ಬರದಿದ್ದರೆ ಇಬ್ಬರೂ ಹಳೆಯ ಕೇಬಲ್ ವಾಪಸ್ ಚುಚ್ಚುವುದು. ನಡುವೆ ಯಾರೂ ಸ್ವಂತ ಬುದ್ಧಿ ಉಪಯೋಗಿಸಬಾರದು.

"ಆಚೆ ಗುಬ್ಬಿ ಹೋಗ್ತಾನೆ," ಎಂದೆ. ಗುಬ್ಬಿ ನಮ್ಮ ಟವರ್ ಹತ್ತುವವನು. ಆನೆಯಂಥ ಆಳು, ಅದಕ್ಕೇ ಆ ಹೆಸರು.

ಸಾಹೇಬರು ಕನ್ನಡಕವನ್ನು ಕೊನೆಗೂ ಮೂಗಿನ ಮೇಲೆ ನಿಲ್ಲಿಸಿದರು. "ಬೆಳಗಾಗೋ ಮುಂಚೆ ಬೇಡ. ಬೆಳಕು ಇರಲಿ. ಜನ ಏಳೋಷ್ಟರಲ್ಲಿ ಮುಗಿಸು," ಎಂದರು. ನಾನು ಹೊರಗೆ ಬಂದು ಕಾರಿಡಾರಿನಲ್ಲಿ ಒಬ್ಬಳೇ ನಕ್ಕೆ. ಅಷ್ಟು ಖುಷಿಯಾಗಿತ್ತು.

ಶುಕ್ರವಾರ ಬೆಳಿಗ್ಗೆ ನಮ್ಮ ಟವರ್ ಕೆಳಗಿನ ಕೋಣೆಯಲ್ಲಿ ನಾನು, ಬೆಟ್ಟದಾಚೆಯ ಕೋಣೆಯಲ್ಲಿ ಗುಬ್ಬಿ. ಕೋಣೆ ಎಂದರೆ ಒಂದು ಬೀರುವಿನಷ್ಟು ಜಾಗ, ಫ್ಯಾನುಗಳ ಗುಂಯ್ ಶಬ್ದ, ಮೂಲೆಯಲ್ಲಿ ಜೇಡರ ಬಲೆ. ಫೋನಿನಲ್ಲಿ ಕೊನೆಯ ಸಲ ಎಲ್ಲವನ್ನೂ ಒಪ್ಪಿಸಿಕೊಂಡೆವು.

"ಹದಿನೈದು ನಿಮಿಷ, ಅಲ್ವಾ ಮೇಡಂ?"

"ಹದಿನೈದು. ಬರದಿದ್ರೆ ಹಳೇದು ವಾಪಸ್. ಇನ್ನೊಂದು ಕೈ ನೋಡೋಣ ಅಂತ ಕೂತ್ಕೋಬೇಡ."

"ನೀವೂ ಕೂತ್ಕೋಬೇಡಿ," ಎಂದ ಅವನು. ನನ್ನನ್ನು ಚೆನ್ನಾಗಿ ಬಲ್ಲ.

ಜೋಡಿ ಕೇಬಲ್ ಕಿತ್ತೆ. ದೀಪಗಳು ಆರಿದವು. ಫೋನಿನಲ್ಲಿ ಗುಬ್ಬಿಯ ದನಿ ಕಡಿಯಿತು. ಟೆನ್ ಜಿ ಪೋರ್ಟಿನ ರಬ್ಬರ್ ಮುಚ್ಚಳ ತೆಗೆದು, ಬೆರಳುದ್ದದ ಮಾಡ್ಯೂಲ್ ಒಳಗೆ ನೂಕಿ, ಕೂದಲೆಳೆಯಂಥ ಫೈಬರ್ ಚುಚ್ಚಿದೆ. ನಮ್ಮ ಕಡೆ ಹಸಿರು ಬಂತು. ಆಚೆಯಿಂದ ಏನೂ ಇಲ್ಲ. ಕಾದೆ. ಬೆಟ್ಟದಾಚೆ ಒಂದು ಊರು ನನ್ನಿಂದಾಗಿ ಕತ್ತಲಲ್ಲಿದೆ, ಅಲ್ಲೊಬ್ಬ ಆನೆಯಂಥ ಗುಬ್ಬಿ ಏನು ಮಾಡುತ್ತಿದ್ದಾನೋ ದೇವರೇ ಬಲ್ಲ, ಎಂದುಕೊಂಡು ಗಡಿಯಾರ ನೋಡಿದೆ. ಹಳೆಯ ಕೇಬಲ್ ಕೈಯಲ್ಲಿ ಹಿಡಿದೇ ಕೂತಿದ್ದೆ. ಹನ್ನೆರಡನೆಯ ನಿಮಿಷಕ್ಕೆ ಆಚೆಯ ರೂಟರ್ ಕಣ್ಣು ಬಿಟ್ಟಿತು, ಅದರ ಹಿಂದೆಯೇ ಫೋನೂ ಬಡಿದುಕೊಂಡಿತು.

"ಮಾಡ್ಯೂಲ್ ಉಲ್ಟಾ ಹಾಕಿದ್ದೆ ಮೇಡಂ," ಎಂದ ಗುಬ್ಬಿ. "ಬಂತಲ್ಲ?"

ಬಂದಿತ್ತು. ಆದರೆ ಊರು ಎದ್ದು ಫೋನು ಕೈಗೆತ್ತಿಕೊಂಡ ಹಾಗೆ ಪ್ಯಾಕೆಟ್‌ಗಳು ಉದುರತೊಡಗಿದವು. ನಾನು ನಡಿಗೆಯ ವೇಗವನ್ನು ಎರಡಕ್ಕೆ ತೀರಾ ಹತ್ತಿರ ಕಟ್ಟಿದ್ದೆ, ಬೆಟ್ಟದ ಮೇಲೆ ಮಂಜು ಕವಿದು ಗಾಳಿ ಅಷ್ಟನ್ನು ಒಯ್ಯುತ್ತಿರಲಿಲ್ಲ. ಸ್ವಲ್ಪ ಇಳಿಸಿದೆ. ಇನ್ನೂ ಸ್ವಲ್ಪ ಇಳಿಸಿದೆ. ವಿಡಿಯೊ ಕರೆಗಳನ್ನು ಸಾಲಿನ ಮುಂದಕ್ಕೆ ತಂದೆ. ಉದುರುವುದು ನಿಂತಿತು. ಲೆಕ್ಕ ತೋರಿಸುವ ಜಾಗದಲ್ಲಿ ಸೊನ್ನೆ ಬಂದು ಸೊನ್ನೆಯಾಗಿಯೇ ಕೂತಿತು. ಸೊನ್ನೆ ಇಷ್ಟು ಚೆಂದ ಇರುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ.

ಐದಕ್ಕೆ ಸ್ವಲ್ಪ ಮುಂಚೆ ಮನೆ ಸೇರಿದೆ. ತಂಗಿ ನೀಲಿ ಪರದೆಯ ಸುಕ್ಕು ನೀವುತ್ತಿದ್ದಳು, ಹಿಂದಿನ ದಿನವೂ ಅದನ್ನೇ ನೀವಿದ್ದಳು. ಅಮ್ಮ ಬೇಡವೆಂದರೂ ಬಾಗಿಲ ಬಳಿ ಕುರ್ಚಿ ಹಾಕಿಕೊಂಡಳು. ನಾನು ನೆಲದ ಮೇಲೆ ನನ್ನ ಜಾಗದಲ್ಲಿ ಕೂತು ಆಫೀಸಿನ ಲ್ಯಾಪ್‌ಟಾಪಿನಲ್ಲಿ ಸೊನ್ನೆಯನ್ನು ತೆರೆದಿಟ್ಟುಕೊಂಡೆ.

ತಂಗಿಯ ಲ್ಯಾಪ್‌ಟಾಪ್ ಪರದೆಯಲ್ಲಿ ಆರು ಮಕ್ಕಳು, ಅವರ ಹಿಂದೆ ಹೆಡ್‌ಮಿಸ್, ಗೋಡೆಯ ಮೇಲೊಂದು ಫ್ಯಾನು. ತಂಗಿ ಶುರು ಮಾಡಿದಳು. ನದಿ ಎಲ್ಲಿ ಹುಟ್ಟುತ್ತದೆ, ಎಲ್ಲಿ ಸೇರುತ್ತದೆ ಎನ್ನುವ ಪಾಠ. ಅವಳ ಕೈ ಬೆಟ್ಟದಿಂದ ಇಳಿದು, ತಿರುವಿ, ಹರಡಿ, ಸಮುದ್ರವಾಯಿತು. ಯಾವ ಮಗುವೂ ಅಂಗೈ ಅಡ್ಡ ಹಿಡಿಯಲಿಲ್ಲ. ಹೆಡ್‌ಮಿಸ್ ಮುಂದಕ್ಕೆ ಬಾಗಿ ನೋಡುತ್ತಿದ್ದರು. ನನಗೆ ನಾನೇ ಬೆನ್ನು ತಟ್ಟಿಕೊಳ್ಳುವುದೊಂದು ಬಾಕಿ.

ಆಮೇಲೆ ತಂಗಿ ಎರಡು ಜಡೆಯ ಹುಡುಗಿಗೆ, ನೀನು ಹೇಳು, ಎಂದಳು. ಹುಡುಗಿ ಎದ್ದು ನಿಂತಳು. ಬೆಟ್ಟ ಎಂದಳು. ನೀರು ಎಂದಳು. ನದಿ ಎನ್ನಲು ಹೊರಟ ಅವಳ ಕೈ ಅರ್ಧ ದಾರಿಯಲ್ಲಿ ನಿಂತುಬಿಟ್ಟಿತು.

ನನ್ನ ಲ್ಯಾಪ್‌ಟಾಪ್ ನೋಡಿದೆ. ಸೊನ್ನೆ. ಮತ್ತೆ ಪರದೆ ನೋಡಿದೆ. ಕೈ ಹಾಗೇ ನಿಂತಿತ್ತು. ಆಮೇಲೆ ಚಲಿಸಿತು, ನದಿಯಾಯಿತು, ಇನ್ನೆರಡು ಮಾತಿನ ನಂತರ ಮತ್ತೆ ನಿಂತಿತು. ಪೋರ್ಟು ಸರಿ, ನಡಿಗೆ ಸರಿ, ಮಂಜೂ ಇಲ್ಲ. ಹಾಗಾದರೆ ಇನ್ನೆಲ್ಲಿ ತಪ್ಪಿದೆ? ಹೆಡ್‌ಮಿಸ್ ಮೈಕ್ ಹತ್ತಿರ ಬಂದರು. ಪಕ್ಕದಲ್ಲಿ ನಾನು ಕೂತಿರುತ್ತೇನೆ, ನನಗೆ ದನಿ ಕೇಳುತ್ತದೆ, ಎಂದು ತಂಗಿ ಮೊದಲೇ ಅವರಿಗೆ ಬರೆದಿದ್ದಳು.

"ಇವತ್ತೂ ನಿಲ್ತಾ ಇದೆಯಲ್ಲಮ್ಮ," ಎಂದರು. ಬೇಸರದಿಂದಲೇ ಹೇಳಿದರು.

ನಾನು ಪರದೆಯನ್ನು ಮತ್ತೊಮ್ಮೆ ನೋಡಿದೆ. ಹುಡುಗಿಯ ಕೈ ಗಾಳಿಯಲ್ಲಿತ್ತು. ಅವಳ ಹಿಂದೆ, ಗೋಡೆಯ ಮೇಲೆ, ಫ್ಯಾನು ತಿರುಗುತ್ತಿತ್ತು. ಪಕ್ಕದ ಹುಡುಗ ಕಣ್ಣು ಮಿಟುಕಿಸಿದ, ಮೂಗು ಉಜ್ಜಿಕೊಂಡ.

ಚಿತ್ರ ನಿಂತಿರಲಿಲ್ಲ. ಹುಡುಗಿ ನಿಂತಿದ್ದಳು.

ತಂಗಿಗೆ ನನಗಿಂತ ಮುಂಚೆಯೇ ಅರ್ಥವಾಗಿತ್ತು. ಅವಳು ನನ್ನ ಕಡೆ ತಿರುಗಿ ಮೆಲ್ಲಗೆ, ಕ್ಯಾಮೆರಾಗೆ ಕಾಣದಂತೆ ಮಡಿಲಲ್ಲೇ ಕೈ ಆಡಿಸಿದಳು. "ನನ್ನಿಂದ ಕಲಿತಿದ್ದು. ನಾನು ಎಲ್ಲೆಲ್ಲಿ ನಿಂತೆನೋ ಅಲ್ಲಲ್ಲಿ ಅವರೂ ನಿಲ್ತಾರೆ. ಹಾಗೇ ಹೇಳಬೇಕು ಅಂದ್ಕೊಂಡಿದ್ದಾರೆ."

ಅಷ್ಟು ತಿಂಗಳು ಮಕ್ಕಳ ಕೈ ನಿಂತಾಗಲೆಲ್ಲ ಅವಳು ಲಿಂಕನ್ನು ಬೈದುಕೊಂಡಿದ್ದಳು. ಊರಿನಿಂದ ಇತ್ತ ಬರುವ ದಾರಿ ಯಾವತ್ತೂ ತುಂಬಿದ್ದೇ ಇಲ್ಲ, ನನಗಾದರೂ ಅದು ಹೊಳೆಯಬೇಕಿತ್ತು. ಒಂದು ಪೋರ್ಟಿನ ತಪ್ಪು ಆರು ಮಕ್ಕಳ ಮಾತಿನೊಳಗೆ ಹೋಗಿ ಕೂತಿತ್ತು. ಟೀಚರ್ ಮಾಡಿದ ಹಾಗೇ, ಒಂದು ಚೂರೂ ಬಿಡದೆ, ಅಷ್ಟು ಶ್ರದ್ಧೆಯಿಂದ ಕಲಿತಿದ್ದರು. ನನಗೆ ಅಳು ಬಂತು. ಅತ್ತೂಬಿಟ್ಟೆ.

ಮೂಗು ಒರೆಸಿಕೊಂಡು ಮೈಕ್ ಹತ್ತಿರ ಹೋದೆ. "ಮೇಡಂ, ನಿಮ್ಮ ಹಿಂದಿನ ಫ್ಯಾನು ನನಗೆ ತಿರುಗೋದು ಕಾಣ್ತಾ ಇದೆ. ಚಿತ್ರ ನಿಂತಿಲ್ಲ. ಮಗು ನಿಲ್ಲಿಸ್ತಾ ಇದ್ದಾಳೆ," ಎಂದು ಎಲ್ಲವನ್ನೂ ಹೇಳಿದೆ. ಅವರು ತಿರುಗಿ ಫ್ಯಾನನ್ನು ನೋಡಿದರು. ಹುಡುಗಿಯನ್ನು ನೋಡಿದರು.

"ನಾವು ದಿನಾ ಎದುರಿಗೇ ಇದ್ದೀವಿ, ನಮಗೆ ಕಾಣ್ಲಿಲ್ಲ," ಎಂದರು ಕಡೆಗೆ. "ಮಗು ನಿಂತಾಗ ನಿಮ್ಮ ತಂಗಿ ಅಲುಗಾಡದೆ ನೋಡ್ತಾ ಇದ್ರು, ಅವರ ಚಿತ್ರ ನಿಂತಿದೆ, ಅದಕ್ಕೇ ಮಗು ಕಾಯ್ತಾ ಇದೆ ಅಂದ್ಕೊಂಡೆ." "ಇದನ್ನ ಯಾವ ರೆಕಾರ್ಡಿಂಗ್ ತಿದ್ದುತ್ತೆ? ನಿಮ್ಮ ತಂಗೀಗೆ ಹೇಳಿ, ಮುಂದಿನ ತಿಂಗಳೂ ಅವರೇ ಬರಬೇಕು. ಆಮೇಲೂ ಅವರೇ."

ನಾನು ಹೇಳಿದೆ. ತಂಗಿ ತಲೆಯಾಡಿಸಿದಳಷ್ಟೆ, ಸಂತೋಷ ಪಡಲು ಪುರುಸೊತ್ತಿರಲಿಲ್ಲ ಅವಳಿಗೆ. ಆಗಲೇ ಪರದೆಯತ್ತ ಬಾಗಿ ಬೆಟ್ಟದಿಂದ ಸಮುದ್ರದವರೆಗೆ ಕೈಯನ್ನು ಒಂದೇ ಓಟದಲ್ಲಿ ಇಳಿಸಿ ತೋರಿಸಿದಳು. ಹುಡುಗಿ ನೋಡಿದಳು, ಮಾಡಿದಳು, ನಿಂತಳು. ಮತ್ತೆ ಮಾಡಿದಳು. ಮೂರನೆಯ ಸಲ ಕೈ ನಿಲ್ಲದೆ ಹರಿದು ಬಂತು, ಅವಳಿಗೇ ಆಶ್ಚರ್ಯವಾಗಿ ಕೈಯನ್ನು ತಿರುಗಿಸಿ ನೋಡಿಕೊಂಡಳು.

"ನಿಲ್ಲಿಸಬಾರದಾ?" ಎಂದು ಕೇಳಿದಳು.

"ನಿಲ್ಲಿಸಬಾರದು."

"ಮತ್ತೆ ನೀವು ಯಾಕೆ ನಿಲ್ಲಿಸ್ತಿದ್ರಿ?"

ತಂಗಿ ನನ್ನ ರಟ್ಟೆ ಹಿಡಿದು ನೆಲದಿಂದ ಎಬ್ಬಿಸಿ ಕ್ಯಾಮೆರಾ ಮುಂದೆ ನಿಲ್ಲಿಸಿದಳು. ಮಕ್ಕಳಿಗೆ, ಇವಳನ್ನೇ ಕೇಳಿ, ನನ್ನಕ್ಕ, ಎಂದಳು. ಆರು ಜೊತೆ ಕಣ್ಣುಗಳು ನನ್ನ ಕೈಯನ್ನೇ ನೋಡಿದವು. ನನ್ನ ಸಂಜ್ಞೆ ಭಾಷೆ ಮನೆಯ ಜಗಳಕ್ಕಷ್ಟೇ ಸಾಲುವಂಥದ್ದು. ನೀವು ಯಾರೂ ತಪ್ಪು ಮಾಡಲಿಲ್ಲ, ಟೀಚರ್ ಕೂಡ ಮಾಡಲಿಲ್ಲ, ದಾರಿ ಕಟ್ಟಿದವಳು ನಾನು, ತಪ್ಪು ನನ್ನದು, ಎಂದು ತಡವರಿಸುತ್ತ, ಒಂದೊಂದು ಮಾತಿಗೂ ಕೈ ಹುಡುಕಿಕೊಳ್ಳುತ್ತ ಹೇಳಿದೆ. ಹುಡುಗಿ ಹುಬ್ಬು ಗಂಟಿಕ್ಕಿ ಕೊನೆಯವರೆಗೂ ನೋಡಿದಳು. ಆಮೇಲೆ ಎಲ್ಲೂ ನಿಲ್ಲದೆ, ಒಂದೇ ಬೀಸಿನಲ್ಲಿ ಉತ್ತರಿಸಿದಳು.

"ಅಕ್ಕಾ, ನೀವು ನಡುವೆ ನಡುವೆ ನಿಲ್ತಾ ಇದ್ದೀರಿ. ನಾಳೆಯಿಂದ ನೀವೂ ಐದಕ್ಕೆ ಬನ್ನಿ."